ಬ್ರೇಡಿ 21ನೇ ಸ್ಥಾನದಲ್ಲಿದ್ದ ಕಾಲ: ಕ್ವಾರ್ಟರ್‌ಬ್ಯಾಕ್ ಲಿಸ್ಟ್‌ಗಳನ್ನು ಎಷ್ಟು ನಂಬಬೇಕು?

ಜಯನಗರದ ನಿದ್ದೆಗೆಟ್ಟವ

ಎಲ್ಲರಿಗೂ ನಮಸ್ಕಾರ. ಕ್ರಿಕೆಟ್ ಬಿಟ್ಟು ಬೇರೆ ಆಟ ಮಾತಾಡೋರು ಇಲ್ಲಿ ಇದ್ದೀರಾ ಅಂತ ಒಂದು ಕಲ್ಲು ಎಸೆದು ನೋಡುತ್ತಿದ್ದೇನೆ.

ನಂದು ಅಮೆರಿಕದ ಟೀಮ್ ಜೊತೆ ಕೆಲಸ. ರಾತ್ರಿ ಕಾಲ್‌ಗಳಲ್ಲಿ ಮೊದಲ ಹತ್ತು ನಿಮಿಷ ಅವರ ಫುಟ್‌ಬಾಲ್ (ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಎಸೆದು ಹಿಡಿದು ಓಡುವ ಆಟ) ಮಾತೇ. ಏನೂ ಅರ್ಥವಾಗದೆ ಸುಮ್ನೆ ನಗುತ್ತಾ ಕೂರುವುದು ಬೇಜಾರಾಗಿ ನಾನೂ ನೋಡಲು ಶುರು ಮಾಡಿದೆ. ಈಗ ಬಿಡಲು ಆಗುತ್ತಿಲ್ಲ. ಸೂಪರ್ ಬೌಲ್, ಅಂದರೆ ಅವರ ಲೀಗ್‌ನ ಫೈನಲ್, ನಮಗೆ ಸೋಮವಾರ ಬೆಳಗ್ಗೆ ಐದಕ್ಕೆ ಶುರು. ಮನೆಯವರು ಏಳೋ ಹೊತ್ತಿಗೆ ನಂದು ಎರಡನೇ ಕಾಫಿ ಆಗಿರುತ್ತದೆ.

ವಿಷಯ ಏನಪ್ಪಾ ಅಂದ್ರೆ, 2010ರಲ್ಲಿ ಆ ಲೀಗ್‌ನ (ಎನ್‌ಎಫ್‌ಎಲ್) ಟಿವಿ ಚಾನೆಲ್ ಎನ್‌ಎಫ್‌ಎಲ್ ನೆಟ್‌ವರ್ಕ್‌ನವರು ಸಾರ್ವಕಾಲಿಕ ನೂರು ಆಟಗಾರರ ಲಿಸ್ಟ್ ಮಾಡಿಸಿದ್ದರು. ಬಲ್ಲವರ ಸಮಿತಿಯೇ ಕೂತು ಮಾಡಿದ್ದು. ಅದರಲ್ಲಿ ಕ್ವಾರ್ಟರ್‌ಬ್ಯಾಕ್‌ಗಳ ಸ್ಥಾನ ನೋಡಿ: ಜೋ ಮೊಂಟಾನಾ 4, ಜಾನಿ ಯೂನಿಟಸ್ 6, ಪೇಟನ್ ಮ್ಯಾನಿಂಗ್ 8. ಟಾಮ್ ಬ್ರೇಡಿ 21!

ಆಗಲೇ ಬ್ರೇಡಿ ಮೂರು ಸೂಪರ್ ಬೌಲ್ ಗೆದ್ದಾಗಿತ್ತು. 2007ರಲ್ಲಿ ಒಂದೇ ಸೀಸನ್‌ಗೆ 50 ಟಚ್‌ಡೌನ್ ಪಾಸ್ (ಎದುರಾಳಿಯ ಕೊನೆ ಗೆರೆಯಾಚೆ ಚೆಂಡು ತಲುಪಿಸಿ ಪಾಯಿಂಟ್ ತರುವ ಎಸೆತ) ಎಸೆದಾಗಿತ್ತು. ಮ್ಯಾನಿಂಗ್ ಗೆದ್ದಿದ್ದು ಒಂದೇ ಸೂಪರ್ ಬೌಲ್. ಆದರೂ 8 ಎಲ್ಲಿ, 21 ಎಲ್ಲಿ. ಅಷ್ಟೆಲ್ಲ ಆಟ ನೋಡಿದವರಿಗೇ ಹೀಗಾದರೆ ಈ ಲಿಸ್ಟ್‌ಗಳಿಗೆ ಏನು ಬೆಲೆ? ನೀವು ಹೇಳಿ.

ಬೋಸ್ಟನ್ ಬಿಸಿಬೇಳೆ

ಆ ಲಿಸ್ಟ್ ಮಾಡಿದವರಿಗೆ ಬ್ರೇಡಿ ಆಮೇಲೆ ನಾಲ್ಕು ಸಲ ಉತ್ತರ ಕೊಟ್ಟಿದ್ದಾನೆ. ನಾನು ಹೊಸದಾಗಿ ಹೇಳೋಕೆ ಏನಿದೆ?

ಸರಿ, ಆದ್ರೂ ಒಂದು ಹೇಳಿಬಿಡ್ತೀನಿ. 2017ರ ಫೆಬ್ರವರಿ. ಬ್ರೇಡಿಯ ನಮ್ಮ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ಗೆ ಸೂಪರ್ ಬೌಲ್‌ನಲ್ಲಿ ಎದುರಾಳಿ ಅಟ್ಲಾಂಟಾ ಫಾಲ್ಕನ್ಸ್. ನಮ್ಮನೇಲಿ ಮೂರು ಕನ್ನಡ ಕುಟುಂಬ ಸೇರಿದ್ವಿ. ಮೂರನೇ ಕ್ವಾರ್ಟರ್‌ನಲ್ಲಿ ಸ್ಕೋರು 28–3, ಅವರೇ ಮುಂದೆ. ನಮ್ಮ ಯಜಮಾನರು ಎದ್ದು ಹೋಗಿ ಪಾತ್ರೆ ತೊಳೆಯೋಕೆ ನಿಂತರು. ಒಂದು ಕುಟುಂಬ ಮಕ್ಕಳಿಗೆ ನಾಳೆ ಸ್ಕೂಲು ಅಂತ ಹೊರಟೇಬಿಟ್ಟಿತು. ನಾನು ಹಠಕ್ಕೆ ಕೂತಿದ್ದೆ. ನಮ್ಮ ತಂಡದ ಎಡೆಲ್‌ಮನ್ ಎದುರಾಳಿಯ ಮೂರು ಜನರ ಮಧ್ಯೆ ಬಿದ್ದು, ನೆಲಕ್ಕೆ ಇನ್ನೇನು ತಾಗಬೇಕು ಅನ್ನುವಾಗ ಚೆಂಡು ಹಿಡಿದನಲ್ಲ, ಆಗ ನಾನು ಕಿರುಚಿದ್ದಕ್ಕೆ ಇವರು ಸೋಪಿನ ಕೈಯಲ್ಲೇ ಓಡಿ ಬಂದರು. ಓವರ್‌ಟೈಮ್‌ನಲ್ಲಿ 34–28, ಗೆಲುವು ನಮ್ಮದು. ಸೂಪರ್ ಬೌಲ್ ಓವರ್‌ಟೈಮ್‌ಗೆ ಹೋಗಿದ್ದೇ ಅದು ಮೊದಲ ಸಲ. ಹೊರಟುಹೋದ ಕುಟುಂಬ ಕಾರಿನ ರೇಡಿಯೋದಲ್ಲಿ ಕೇಳಿಕೊಂಡಿತು, ಪಾಪ.

2000ದ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವುದು) 199ನೆಯವನಾಗಿ ಆಯ್ಕೆಯಾದ ಮನುಷ್ಯ. ಹತ್ತು ಸೂಪರ್ ಬೌಲ್ ಆಡಿ ಏಳು ಗೆದ್ದ. 649 ಟಚ್‌ಡೌನ್ ಪಾಸ್. ಇನ್ನೇನು ಬೇಕು?

ಸನಿವೇಲ್ ಶಾನುಭೋಗ

ಮೇಡಂ, ಹತ್ತರಲ್ಲಿ ಏಳು ಗೆದ್ದ ಅಂದರೆ ಮೂರು ಸೋತ ಅಂತಲೂ ಆಯಿತಲ್ಲ. ನಮ್ಮ ಸ್ಯಾನ್ ಫ್ರಾನ್ಸಿಸ್ಕೋ ತಂಡದ ಮೊಂಟಾನಾ ನಾಲ್ಕು ಆಡಿ ನಾಲ್ಕೂ ಗೆದ್ದವನು. ಆ ನಾಲ್ಕರಲ್ಲಿ 11 ಟಚ್‌ಡೌನ್ ಪಾಸ್, ಇಂಟರ್‌ಸೆಪ್ಶನ್ (ಎದುರಾಳಿಯ ಕೈಗೆ ಹೋದ ಎಸೆತ) ಸೊನ್ನೆ. ಸೊನ್ನೆ!

ನಾನು ಇಲ್ಲಿಗೆ ಓದಲು ಬಂದಿದ್ದು 1980ರಲ್ಲಿ. ಫುಟ್‌ಬಾಲ್ ತಲೆಬುಡ ಗೊತ್ತಿರಲಿಲ್ಲ. 1982ರ ಜನವರಿ 10, ಭಾನುವಾರ. ರೂಮ್‌ಮೇಟ್‌ನ ಪುಟ್ಟ ಟಿವಿ, ಆಂಟೆನಾಗೆ ಸುತ್ತಿದ ಅಲ್ಯುಮಿನಿಯಂ ಹಾಳೆ. ಡಲ್ಲಾಸ್ ಮುಂದಿದೆ. ಆಟ ಮುಗಿಯಲು ಒಂದು ನಿಮಿಷವೂ ಇಲ್ಲ. ಮೊಂಟಾನಾ ಬಲಕ್ಕೆ ಓಡುತ್ತಿದ್ದಾನೆ, ಮೂರು ಜನ ಅಟ್ಟಿಸಿಕೊಂಡು ಬರುತ್ತಿದ್ದಾರೆ, ಇನ್ನೊಂದು ಹೆಜ್ಜೆ ಇಟ್ಟರೆ ಗೆರೆ ದಾಟುತ್ತಾನೆ. ಚೆಂಡನ್ನು ಎತ್ತರಕ್ಕೆ ಎಸೆದ. ಹೊರಗೆ ಬಿಸಾಕಿದ ಅಂತಲೇ ನಾನು ಅಂದುಕೊಂಡೆ. ಡ್ವೈಟ್ ಕ್ಲಾರ್ಕ್ ಹಾರಿ ಬೆರಳ ತುದಿಯಲ್ಲಿ ಹಿಡಿದ. 28–27. ನನ್ನ ರೂಮ್‌ಮೇಟ್ ಅತ್ತುಬಿಟ್ಟ. ಆವತ್ತಿನಿಂದ ನಾನೂ ಈ ಊರಿನವನಾದೆ.

ಇನ್ನೊಂದು. 1989ರ ಸೂಪರ್ ಬೌಲ್, ಸಿನ್ಸಿನಾಟಿ ಎದುರು. ಮೂರು ಪಾಯಿಂಟ್ ಹಿಂದೆ. ಮೂರು ನಿಮಿಷ ಚಿಲ್ಲರೆ ಉಳಿದಿದೆ. 92 ಯಾರ್ಡ್ ಹೋಗಬೇಕು. ಎಲ್ಲರೂ ಬೆವರುತ್ತಿರುವಾಗ ಈ ಪುಣ್ಯಾತ್ಮ ತನ್ನ ಟೀಮಿನವನಿಗೆ ಅಲ್ಲಿ ನೋಡು, ಗ್ಯಾಲರಿಯಲ್ಲಿ ಸಿನಿಮಾ ನಟ ಜಾನ್ ಕ್ಯಾಂಡಿ ನಿಂತಿದ್ದಾನೆ ಅಂತ ತೋರಿಸಿದನಂತೆ. ಆಮೇಲೆ ಹೋಗಿ 92 ಯಾರ್ಡನ್ನೂ ದಾಟಿಸಿದ. 34 ಸೆಕೆಂಡ್ ಬಾಕಿ ಇರುವಾಗ ಜಾನ್ ಟೇಲರ್‌ಗೆ ಪಾಸ್, 20–16. ಇದಕ್ಕೆ ಯಾವ ಲಿಸ್ಟೂ ಬೇಕಿಲ್ಲ.

ಹುಬ್ಳಿ ಮಿರ್ಚಿ

ಮಧ್ಯ ಬಾಯಿ ಹಾಕಿದ್ದಕ್ಕ ಕ್ಷಮಿಸ್ರಿ. ಈ ಕ್ವಾರ್ಟರ್‌ಬ್ಯಾಕ್ ಅಂದ್ರ ಯಾರು? ಗೋಲ್‌ಕೀಪರ್ ಏನ್ರಿ? ಹನ್ನೊಂದು ಮಂದ್ಯಾಗ ಅವನ ಒಬ್ಬನ ಮ್ಯಾಲ ಇಷ್ಟ್ಯಾಕ ಜಗಳ?

ಜಯನಗರದ ನಿದ್ದೆಗೆಟ್ಟವ

ಒಳ್ಳೇ ಪ್ರಶ್ನೆ ಗುರುಗಳೇ. ಗೋಲ್‌ಕೀಪರ್ ಅಲ್ಲ. ಪ್ರತಿ ಸಲ ಆಟ ಶುರುವಾಗುವುದು ಅವನ ಕೈಗೆ ಚೆಂಡು ಬಂದಾಗ. ಒಂದು ಆಟ ಮುಗಿದು ಇನ್ನೊಂದು ಶುರು ಮಾಡಲು 40 ಸೆಕೆಂಡ್. ಅಷ್ಟರಲ್ಲಿ ಕೋಚ್ ಅವನ ಹೆಲ್ಮೆಟ್‌ನೊಳಗಿನ ಸ್ಪೀಕರ್‌ನಲ್ಲಿ ಏನು ಮಾಡಬೇಕು ಅಂತ ಹೇಳುತ್ತಾನೆ. 15 ಸೆಕೆಂಡ್ ಉಳಿದಾಗ ಆ ದನಿ ಕಟ್ ಆಗುತ್ತದೆ. ಆಮೇಲೆ ಅವನೊಬ್ಬನೇ. ಎದುರಿನ ಹನ್ನೊಂದು ಜನ ಎಲ್ಲೆಲ್ಲಿ ನಿಂತಿದ್ದಾರೆ ಅಂತ ನೋಡಿ, ಬೇಕಾದರೆ ಪ್ಲಾನ್ ಬದಲಿಸಿ ಕೂಗುತ್ತಾನೆ. ಮ್ಯಾನಿಂಗ್ 'ಒಮಾಹಾ, ಒಮಾಹಾ' ಅಂತ ಕೂಗುತ್ತಿದ್ದುದು ಅದೇ. ಚೆಂಡು ಕೈಗೆ ಬಂದ ಮೇಲೆ ಎರಡು ಮೂರು ಸೆಕೆಂಡ್ ಅಷ್ಟೇ. ಅಷ್ಟರಲ್ಲಿ ಯಾರಿಗೆ ಎಸೆಯಬೇಕು ಅಂತ ತೀರ್ಮಾನಿಸಬೇಕು. ನೂರಿಪ್ಪತ್ತು ಕೇಜಿಯ ಮನುಷ್ಯ ಮೈಮೇಲೆ ಬೀಳಲು ಬರುತ್ತಿರುತ್ತಾನೆ, ಅದು ಬೇರೆ.

ಹುಬ್ಳಿ ಮಿರ್ಚಿ

ತಿಳೀತು. ಅಂದ್ರ ಗೆದ್ರ ಹಾರ ಅವಗ, ಸೋತ್ರ ಬೈಗುಳಾನೂ ಅವಗ. ನಡೀಲಿ ನಿಮ್ಮ ಜಗಳ.

ಲೆಕ್ಕದ ಮೇಷ್ಟ್ರು

ಶಾನುಭೋಗರೇ, ನಿಮ್ಮ ಕಥೆ ಚೆನ್ನಾಗಿದೆ. ನನಗೆ ಅನುಮಾನ ಬರುವುದೂ ಅಲ್ಲೇ. ಪತ್ರಕರ್ತರು ಲಿಸ್ಟ್ ಮಾಡುವುದು ಕಥೆಗಳಿಂದ. ಯಾರ ಬಗ್ಗೆ ಒಳ್ಳೇ ಕಥೆ ಬರೆದಿದ್ದಾರೋ ಅವರು ಮೇಲೆ ಹೋಗುತ್ತಾರೆ.

ನ್ಯೂಯಾರ್ಕ್ ಜೆಟ್ಸ್ ತಂಡದ ಜೋ ನೇಮತ್ ನೋಡಿ. 1969ರ ಜನವರಿಯಲ್ಲಿ ಸೂಪರ್ ಬೌಲ್‌ಗೆ ಮೂರು ದಿನ ಮುಂಚೆ, ಗೆಲುವು ನಮ್ಮದೇ, ಗ್ಯಾರಂಟಿ ಕೊಡುತ್ತೇನೆ ಅಂದ. ಜೆಟ್ಸ್ ಗೆಲ್ಲುತ್ತದೆ ಅಂತ ನಂಬಿದವರು ಯಾರೂ ಇರಲಿಲ್ಲ. ಬಾಲ್ಟಿಮೋರ್ ಕೋಲ್ಟ್ಸ್ ವಿರುದ್ಧ 16–7ರಲ್ಲಿ ಗೆದ್ದುಬಿಟ್ಟರು. ಆ ಪಂದ್ಯದಲ್ಲಿ ಅವನು ಒಂದೂ ಟಚ್‌ಡೌನ್ ಪಾಸ್ ಎಸೆಯಲಿಲ್ಲ. ಆದರೂ ಎಂವಿಪಿ (ಅತಿ ಹೆಚ್ಚು ಬೆಲೆಯುಳ್ಳ ಆಟಗಾರ ಅನ್ನುವ ಪ್ರಶಸ್ತಿ) ಅವನೇ. ಇಡೀ ವೃತ್ತಿಯ ಲೆಕ್ಕ ತೆಗೆದರೆ 173 ಟಚ್‌ಡೌನ್, 220 ಇಂಟರ್‌ಸೆಪ್ಶನ್. ಎದುರಾಳಿಗೆ ಕೊಟ್ಟಿದ್ದೇ ಜಾಸ್ತಿ! ಆದರೂ ಹಾಲ್ ಆಫ್ ಫೇಮ್‌ನಲ್ಲಿ (ಶ್ರೇಷ್ಠರ ಗೌರವ ಪಟ್ಟಿ) ಕೂತಿದ್ದಾನೆ. 1967ರಲ್ಲಿ ಮೊದಲ ಬಾರಿಗೆ 4,000 ಯಾರ್ಡ್ ದಾಟಿದವನೂ ಅವನೇ ಅನ್ನಿ, ಅದನ್ನು ಮುಚ್ಚಿಡಬಾರದು.

ಹಾಗಂತ ಬರೀ ಅಂಕಿಯನ್ನೂ ನಂಬುವಂತಿಲ್ಲ. ನನ್ನ ಹೊಟ್ಟೆಪಾಡೇ ಅಂಕಿ, ಆದರೂ ಹೇಳುತ್ತೇನೆ. ಯೂನಿಟಸ್ ಆಡಲು ಬಂದಾಗ ಸೀಸನ್‌ಗೆ 12 ಪಂದ್ಯ. ಆಮೇಲೆ 14 ಆಯಿತು, 1978ರಿಂದ 16, 2021ರಿಂದ 17. ಅದೇ 1978ರಲ್ಲಿ ನಿಯಮವೂ ಬದಲಾಯಿತು. ಚೆಂಡು ಹಿಡಿಯಲು ಓಡುವವನನ್ನು ಐದು ಯಾರ್ಡ್ ದಾಟಿದ ಮೇಲೆ ತಳ್ಳುವಂತಿಲ್ಲ. ಕ್ವಾರ್ಟರ್‌ಬ್ಯಾಕ್‌ಗೆ ಕಾವಲು ನಿಲ್ಲುವವರು ತೋಳು ಚಾಚಿ, ಅಂಗೈ ಬಿಚ್ಚಿ ತಡೆಯಬಹುದು. ಎಸೆಯುವವನಿಗೆ ಹೊತ್ತೂ ಸಿಕ್ಕಿತು, ಜಾಗವೂ ಸಿಕ್ಕಿತು. ಆರು ವರ್ಷದಲ್ಲಿ ಮಯಾಮಿಯ ಡ್ಯಾನ್ ಮರೀನೊ ಒಂದೇ ಸೀಸನ್‌ಗೆ 5,084 ಯಾರ್ಡ್, 48 ಟಚ್‌ಡೌನ್ ಬಾರಿಸಿದ.

ಪಾಸರ್ ರೇಟಿಂಗ್ ಅಂತ, ಎಸೆಯುವವನಿಗೆ ಅಂಕ ಕೊಡುವ ಲೆಕ್ಕ ಒಂದಿದೆ, 1973ರಿಂದ ಲೀಗ್ ಬಳಸುತ್ತಿದೆ. ಅದಕ್ಕೆ ಪೂರ್ತಿ ಅಂಕ ನೂರಲ್ಲ, 158.3. ನಾನು ಹೀಗೆ ಪ್ರಶ್ನೆಪತ್ರಿಕೆ ತೆಗೆದಿದ್ದರೆ ಹೆಡ್‌ಮಾಸ್ಟರ್ ಕರೆಸಿ ಕೂರಿಸುತ್ತಿದ್ದರು. ಅದರಲ್ಲಿ ಯೂನಿಟಸ್ 78.2, ಮೊಂಟಾನಾ 92.3, ಬ್ರೇಡಿ 97.2. ಯೂನಿಟಸ್ ಕಡಿಮೆಯವನು ಅಂತಲ್ಲ. ಪ್ರಶ್ನೆಪತ್ರಿಕೆ ಬೇರೆ.

ಸನಿವೇಲ್ ಶಾನುಭೋಗ

ಮೇಷ್ಟ್ರೇ, ಆ ಮರೀನೊನನ್ನು 1985ರ ಜನವರಿಯಲ್ಲಿ ಸೂಪರ್ ಬೌಲ್‌ನಲ್ಲಿ ಎದುರಿಸಿದ್ದು ಯಾರು? ಮೊಂಟಾನಾ. 38–16. ಸ್ಟ್ಯಾನ್‌ಫರ್ಡ್ ಮೈದಾನ, ನಮ್ಮ ಮನೆಗೆ ಹತ್ತಿರವೇ. ಟಿಕೆಟ್‌ಗೆ ದುಡ್ಡಿರಲಿಲ್ಲ ಅಷ್ಟೇ.

ಲೆಕ್ಕದ ಮೇಷ್ಟ್ರು

ಮರೀನೊ ಮತ್ತೆ ಯಾವತ್ತೂ ಸೂಪರ್ ಬೌಲ್‌ಗೆ ಹೋಗಲಿಲ್ಲ. ಅದು ಅವನೊಬ್ಬನ ತಪ್ಪಾ? ಮಯಾಮಿಯ ಡಿಫೆನ್ಸ್ ಪಾಯಿಂಟ್ ಬಿಟ್ಟುಕೊಟ್ಟರೆ ಬೆಂಚಿನ ಮೇಲೆ ಕೂತವನು ಏನು ಮಾಡುತ್ತಾನೆ? ಸೂಪರ್ ಬೌಲ್ ಗೆದ್ದವರಿಗೆ ಕೊಡುವ ಉಂಗುರ ಎಣಿಸಿ ರ‍್ಯಾಂಕ್ ಕೊಡುವುದಾದರೆ ರೇವನ್ಸ್ ತಂಡದ ಟ್ರೆಂಟ್ ಡಿಲ್ಫರ್‌ಗೆ ಒಂದಿದೆ, ಮರೀನೊಗೆ ಒಂದೂ ಇಲ್ಲ. ರೇವನ್ಸ್ ಡಿಫೆನ್ಸ್ ಗೆದ್ದುಕೊಟ್ಟ ಉಂಗುರ ಅದು ಅಂತ ಎಲ್ಲರಿಗೂ ಗೊತ್ತು. ಡಿಲ್ಫರ್ ಮರೀನೊಗಿಂತ ಮೇಲೆ ಅಂತ ಯಾರಾದರೂ ಬರೆಯುತ್ತಾರಾ?

ಇನ್ನು ಆಟೋ ಗ್ರಹಾಂ. ಹೆಸರು ನೋಡಿ ನಗಬೇಡಿ. ಕ್ಲೀವ್‌ಲ್ಯಾಂಡ್ ಬ್ರೌನ್ಸ್‌ಗೆ 1946ರಿಂದ 1955ರವರೆಗೆ ಹತ್ತು ಸೀಸನ್ ಆಡಿದ. ಹತ್ತೂ ಸಲ ಫೈನಲ್. ಏಳು ಸಲ ಚಾಂಪಿಯನ್. ನಾಲ್ಕು ಬೇರೆ ಲೀಗ್‌ನಲ್ಲಿ, ಮೂರು ಎನ್‌ಎಫ್‌ಎಲ್‌ನಲ್ಲಿ. ಉಂಗುರವೇ ಮುಖ್ಯ ಅನ್ನುವ ಪತ್ರಕರ್ತರು ಇವನನ್ನು ಯಾಕೆ ಮೊದಲ ಸ್ಥಾನಕ್ಕೆ ತರುವುದಿಲ್ಲ? ಅವನು ಆಡಿದ್ದನ್ನು ನೋಡಿದವರು ಇವತ್ತು ಬರೆಯುತ್ತಿಲ್ಲ. ಅಷ್ಟೇ ಕಾರಣ.

ಕುಡ್ಲದ ಮೀನ್ ಫ್ರೈ

ಮೇಷ್ಟ್ರು ಹೇಳಿದ್ದು ಸರಿ ಮಾರಾಯ್ರೆ. ನನಗೆ ಈ ಆಟ ಅರ್ಧಂಬರ್ಧ ಗೊತ್ತು. ಆದರೆ ಈ ಜಗಳ ಪೂರ್ತಿ ಗೊತ್ತು! ನಮ್ಮ ವಿಶಿ (ಜಿ.ಆರ್. ವಿಶ್ವನಾಥ್) ವಿಷಯದಲ್ಲಿ ಆಡಿದ ಜಗಳವೇ ಅಲ್ವಾ? ಟೆಸ್ಟ್ ಸರಾಸರಿ 41.93, ಶತಕ 14. ಕಾಗದದಲ್ಲಿ ಗವಾಸ್ಕರ್ ಎಲ್ಲೋ, ಇವರು ಎಲ್ಲೋ. ಆದರೆ 1975ರಲ್ಲಿ ಚೆಪಾಕ್‌ನಲ್ಲಿ ಆಂಡಿ ರಾಬರ್ಟ್ಸ್ ಎದುರು ಆಡಿದ ಆ 97 ನಾಟ್ ಔಟ್ ಇದೆಯಲ್ಲ, ಅದು ಶತಕದ ಕಾಲಂಗೂ ಬರುವುದಿಲ್ಲ. ನನ್ನ ಅಪ್ಪ ರೇಡಿಯೋದಲ್ಲಿ ಕೇಳಿದ್ದನ್ನು ಈಗಲೂ ಹೇಳುತ್ತಾರೆ.

2000ದಲ್ಲಿ ವಿಸ್ಡನ್‌ನವರು ನೂರು ಜನರ ಹತ್ತಿರ ಓಟು ಹಾಕಿಸಿ ಶತಮಾನದ ಐವರನ್ನು ಆರಿಸಿದರು. ಬ್ರಾಡ್ಮನ್‌ಗೆ ನೂರಕ್ಕೆ ನೂರು. ಸೋಬರ್ಸ್‌ಗೆ 90. ಮೂರನೆಯವರು ಜಾಕ್ ಹಾಬ್ಸ್, ಬರೀ 30. ನೋಡಿ, ಮೊದಲ ಎರಡು ಹೆಸರಿಗೆ ಎಲ್ಲರೂ ಒಂದೇ ಮಾತು. ಮೂರಕ್ಕೆ ಬರುವಷ್ಟರಲ್ಲಿ ಒಬ್ಬೊಬ್ಬರದು ಒಂದೊಂದು ದಾರಿ. ಫುಟ್‌ಬಾಲ್‌ನಲ್ಲಿ ಬ್ರಾಡ್ಮನ್ ಇಲ್ಲ, ಅದಕ್ಕೆ ಮೊದಲ ಸ್ಥಾನದಿಂದಲೇ ಗಲಾಟೆ ಶುರು ಅಂತ ಕಾಣುತ್ತದೆ.

ಬೋಸ್ಟನ್ ಬಿಸಿಬೇಳೆ

ಇದ್ದಾನೆ. ಹೆಸರು ಬ್ರೇಡಿ.

ಕುಡ್ಲದ ಮೀನ್ ಫ್ರೈ

ಆಯಿತು ಅಕ್ಕ, ನೀವೇ ಗೆದ್ದಿರಿ.

ಎಡಿಸನ್ ಕಾಫಿಪುಡಿ

ನ್ಯೂಜೆರ್ಸಿಯಿಂದ ಬರೆಯುತ್ತಿದ್ದೇನೆ. ನ್ಯೂಯಾರ್ಕ್ ಜೈಂಟ್ಸ್ ತಂಡದ ಅಭಿಮಾನಿ. ಬ್ರೇಡಿ ಅಭಿಮಾನಿಗಳು ನನ್ನನ್ನು ನೋಡಿದರೆ ಮಾತು ಬದಲಿಸುತ್ತಾರೆ. 2008ರ ಸೂಪರ್ ಬೌಲ್‌ಗೆ 18–0 (18 ಗೆಲುವು, ಸೋಲೇ ಇಲ್ಲ) ಅಂತ ಬೀಗಿಕೊಂಡು ಬಂದಿದ್ದರಲ್ಲ ಮೇಡಂ, ನಮ್ಮವರು 17–14ರಲ್ಲಿ ಸೋಲಿಸಿದ್ದು ನೆನಪಿದೆಯಾ? :)

ಪತ್ರಕರ್ತರ ವಿಷಯಕ್ಕೆ ಬರೋಣ. ಅವರ ಕೈಯಲ್ಲಿ ಇರುವುದು ಬರೀ ಟೈಂಪಾಸ್ ಲಿಸ್ಟ್ ಅಲ್ಲ. ಪ್ರತಿ ವರ್ಷದ ಎಂವಿಪಿ ಆರಿಸುವುದು ಅಸೋಸಿಯೇಟೆಡ್ ಪ್ರೆಸ್‌ನ 50 ಜನರ ಸಮಿತಿ. ಎಲ್ಲರೂ ಪತ್ರಿಕೆ, ಟಿವಿಯವರೇ. ಓಹಾಯೋದ ಕ್ಯಾಂಟನ್‌ನಲ್ಲಿರುವ ಹಾಲ್ ಆಫ್ ಫೇಮ್‌ಗೆ ಯಾರು ಹೋಗಬೇಕು ಅನ್ನುವುದರಲ್ಲೂ ಹೆಚ್ಚಿನ ಓಟು ಅವರದೇ. ಆಮೇಲೆ ಹೊಸ ಪತ್ರಕರ್ತರು ಲಿಸ್ಟ್ ಮಾಡುವಾಗ ಇವನಿಗೆ ನಾಲ್ಕು ಎಂವಿಪಿ, ಅವನಿಗೆ ಐದು ಅಂತ ಎಣಿಸುತ್ತಾರೆ. ಅಂದರೆ ಹಳೇ ಪತ್ರಕರ್ತರ ಅಭಿಪ್ರಾಯವನ್ನೇ ಎಣಿಸಿ ಅಂಕಿ ಅನ್ನುತ್ತಾರೆ! ಡ್ರೂ ಬ್ರೀಸ್ 80,358 ಯಾರ್ಡ್ ಎಸೆದ, ಒಂದು ಸಲವೂ ಎಂವಿಪಿ ಸಿಗಲಿಲ್ಲ. ಅದಕ್ಕೇ ಅವನು ಲಿಸ್ಟ್‌ಗಳಲ್ಲಿ ಕೆಳಗೆ ಜಾರುತ್ತಾನೆ.

2024ರ ಸೀಸನ್ನನ್ನೇ ನೋಡಿ. ಜಾಶ್ ಅಲನ್‌ಗೆ ಮೊದಲ ಸ್ಥಾನದ 27 ಓಟು, ಲಮಾರ್ ಜಾಕ್ಸನ್‌ಗೆ 23. ಅಲನ್ ಎಂವಿಪಿ. ಆದರೆ ಅದೇ ಸಮಿತಿ ವರ್ಷದ ಅತ್ಯುತ್ತಮ ತಂಡ ಆರಿಸುವಾಗ ಕ್ವಾರ್ಟರ್‌ಬ್ಯಾಕ್ ಜಾಗಕ್ಕೆ ಲಮಾರ್‌ನನ್ನು ಹಾಕಿತು. ಒಂದೇ ಸೀಸನ್, ಅದೇ ಜನ. ಇವನು ಅತ್ಯುತ್ತಮ, ಆದರೆ ಅವನು ಹೆಚ್ಚು ಬೆಲೆಯವನು ಅಂತೆ. ನಮ್ಮ ಮನೆಯಲ್ಲಿ ಅಳಿಯನ ಬಗ್ಗೆಯೂ ಮಗನ ಬಗ್ಗೆಯೂ ಅಮ್ಮ ಹೀಗೇ ಮಾತಾಡುತ್ತಾರೆ.

ಜಯನಗರದ ನಿದ್ದೆಗೆಟ್ಟವ

ಹಳೇ ಅಭಿಪ್ರಾಯವನ್ನೇ ಎಣಿಸಿ ಅಂಕಿ ಅನ್ನುತ್ತಾರೆ ಅಂದಿರಲ್ಲ, ಇದು ನನಗೆ ಹೊಳೆದೇ ಇರಲಿಲ್ಲ.

2010ರ ಲಿಸ್ಟ್ ಈಗ ಅರ್ಥವಾಗುತ್ತಿದೆ. ಮ್ಯಾನಿಂಗ್ ಆಗತಾನೇ 2008, 2009 ಎರಡೂ ವರ್ಷ ಎಂವಿಪಿ ಆಗಿದ್ದ, ಅದರ ಬಿಸಿ ಆರಿರಲಿಲ್ಲ. ಬ್ರೇಡಿ 2008ರಲ್ಲಿ ಮೊದಲ ಪಂದ್ಯದಲ್ಲೇ ಮಂಡಿಗೆ ಪೆಟ್ಟು ಮಾಡಿಕೊಂಡು ಉಳಿದ ಸೀಸನ್ ಪೂರ್ತಿ ಕೂತಿದ್ದ. ಸಮಿತಿಯವರು ಸುಳ್ಳು ಹೇಳಿರಲಿಲ್ಲ. ಆವತ್ತಿಗೆ ಅವರ ಕಣ್ಣಿಗೆ ಕಂಡಿದ್ದು ಅದು.

ತುಮಕೂರು ತಟ್ಟೆಇಡ್ಲಿ

ಇಷ್ಟು ಹೊತ್ತು ಓದಿದೆ. ಒಂದು ಮಾತು ಯಾರೂ ಎತ್ತಲಿಲ್ಲ. ಈ ಲಿಸ್ಟ್‌ಗಳಲ್ಲಿ ಹಳೇ ಕಾಲದವರೆಲ್ಲ ಬಿಳಿಯರೇ ಯಾಕೆ? ಕಪ್ಪು ಜನಾಂಗದ ಹುಡುಗರಿಗೆ ತೋಳಿನಲ್ಲಿ ಬಲ ಇರಲಿಲ್ಲವಾ? ಕ್ವಾರ್ಟರ್‌ಬ್ಯಾಕ್ ಅಂದರೆ ತಲೆ ಓಡಿಸುವ ಜಾಗ, ಅದು ಇವರ ಕೈಲಾಗದು ಅಂತ ಕೋಚ್‌ಗಳು ಅವರನ್ನು ಓಡುವ, ಹಿಡಿಯುವ ಜಾಗಕ್ಕೆ ತಳ್ಳುತ್ತಿದ್ದರು.

ಕಪ್ಪು ಕ್ವಾರ್ಟರ್‌ಬ್ಯಾಕ್ ವಾರನ್ ಮೂನ್ ಕಾಲೇಜಿನಲ್ಲಿ ರೋಸ್ ಬೌಲ್ (ಕಾಲೇಜು ತಂಡಗಳ ದೊಡ್ಡ ಪಂದ್ಯ) ಗೆದ್ದವನು. 1978ರಲ್ಲಿ ಎನ್‌ಎಫ್‌ಎಲ್‌ನ ಯಾವ ತಂಡವೂ ಡ್ರಾಫ್ಟ್‌ನಲ್ಲಿ ಅವನನ್ನು ತೆಗೆದುಕೊಳ್ಳಲಿಲ್ಲ. ಕೆನಡಾಗೆ ಹೋದ. ಎಡ್ಮಂಟನ್ ತಂಡದಲ್ಲಿ ಸತತ ಐದು ಗ್ರೇ ಕಪ್ (ಅಲ್ಲಿನ ಲೀಗ್‌ನ ಚಾಂಪಿಯನ್‌ಶಿಪ್) ಗೆದ್ದ. 1984ರಲ್ಲಿ ಹ್ಯೂಸ್ಟನ್ ಕರೆಯಿತು. ಆಮೇಲೂ ಹಾಲ್ ಆಫ್ ಫೇಮ್‌ವರೆಗೆ ಹೋದ, 2006ರಲ್ಲಿ. ಆ ಆರು ವರ್ಷ ಎನ್‌ಎಫ್‌ಎಲ್ ಲೆಕ್ಕದಲ್ಲಿ ಸೊನ್ನೆ. ಮೇಷ್ಟ್ರೇ, ಅದಕ್ಕೆ ಯಾವ ರೇಟಿಂಗ್ ಇದೆ?

ಡಗ್ ವಿಲಿಯಮ್ಸ್ 1988ರ ಜನವರಿಯಲ್ಲಿ ವಾಷಿಂಗ್ಟನ್‌ಗೆ ಸೂಪರ್ ಬೌಲ್ ಗೆದ್ದುಕೊಟ್ಟ. ಎರಡನೇ ಕ್ವಾರ್ಟರ್ ಒಂದರಲ್ಲೇ ನಾಲ್ಕು ಟಚ್‌ಡೌನ್ ಪಾಸ್, 42–10. ಸೂಪರ್ ಬೌಲ್ ಗೆದ್ದ ಮೊದಲ ಕಪ್ಪು ಕ್ವಾರ್ಟರ್‌ಬ್ಯಾಕ್. ಶ್ರೇಷ್ಠರ ಲಿಸ್ಟ್‌ನಲ್ಲಿ ಇವನ ಹೆಸರು ಬರುವುದಿಲ್ಲ, ಬರಬೇಕು ಅಂತಲೂ ನಾನು ಹಠ ಹಿಡಿಯುವುದಿಲ್ಲ. ಮೈದಾನಕ್ಕೇ ಬಿಡದವರ ಲಿಸ್ಟ್ ಯಾರು ಮಾಡುತ್ತಾರೆ ಅಂತ ಕೇಳುತ್ತಿದ್ದೇನೆ.

ಲೆಕ್ಕದ ಮೇಷ್ಟ್ರು

ಇಲ್ಲ. ಅದಕ್ಕೆ ರೇಟಿಂಗ್ ಇಲ್ಲ.

ಕಾನ್ಸಾಸ್ ಕೋಸಂಬರಿ

ನೀವೆಲ್ಲ ಹಳೇ ಪುರಾಣ ಹೇಳಿಕೊಂಡು ಕೂತಿರಿ, ನಮ್ಮ ಕಾನ್ಸಾಸ್ ಸಿಟಿ ತಂಡದ ಮಹೋಮ್ಸ್ ಹೆಸರು ಎತ್ತಲು ಇಷ್ಟು ಹೊತ್ತು ಬೇಕಾಯಿತಾ? 28 ವರ್ಷಕ್ಕೆ ಮೂರು ಸೂಪರ್ ಬೌಲ್, ಮೂರರಲ್ಲೂ ಪಂದ್ಯದ ಎಂವಿಪಿ. ಎಡಕ್ಕೆ ಓಡುತ್ತಾ ಬಲಕ್ಕೆ ಎಸೆಯುತ್ತಾನೆ. ನೋಡದೆ ಎಸೆಯುತ್ತಾನೆ. ಬ್ರೇಡಿ ಕೈಲಿ ಆಗ್ತಿತ್ತಾ?

ಬೋಸ್ಟನ್ ಬಿಸಿಬೇಳೆ

2021ರ ಫೆಬ್ರವರಿ, ಟ್ಯಾಂಪಾದಲ್ಲಿ ಸೂಪರ್ ಬೌಲ್, ಬ್ರೇಡಿ ಎದುರು ಮಹೋಮ್ಸ್. ಬ್ರೇಡಿಗೆ 43 ವರ್ಷ. 31–9. ನಿಮ್ಮ ಹುಡುಗ ಒಂದೂ ಟಚ್‌ಡೌನ್ ಹೊಡೀಲಿಲ್ಲ.

ಕಾನ್ಸಾಸ್ ಕೋಸಂಬರಿ

ಕಾಲ್ಬೆರಳು ನೋವಿತ್ತು ಮೇಡಂ. ಕಾವಲಿಗೆ ನಿಲ್ಲುವ ಇಬ್ಬರೂ ಇರಲಿಲ್ಲ. ಇಡೀ ರಾತ್ರಿ ಓಡಿ ಓಡಿಯೇ ಎಸೆದ.

ಎಡಿಸನ್ ಕಾಫಿಪುಡಿ

2025ರ ಸೂಪರ್ ಬೌಲ್‌ನಲ್ಲಿ ಫಿಲಡೆಲ್ಫಿಯಾ ಎದುರು 40–22ರಲ್ಲಿ ಸೋತಿದ್ದು? ಆಗ ಯಾವ ಬೆರಳು?

ಕಾನ್ಸಾಸ್ ಕೋಸಂಬರಿ

ಆ ಪಂದ್ಯ ನಾನು ನೋಡಿಲ್ಲ. ನಮ್ಮನೇಲಿ ಕರೆಂಟ್ ಇರಲಿಲ್ಲ.

ಹುಬ್ಳಿ ಮಿರ್ಚಿ

ಅಮೆರಿಕಾದಾಗೂ ಕರೆಂಟ್ ಹೋಗ್ತದೇನ್ರಿ? 🤣

ಜಯನಗರದ ನಿದ್ದೆಗೆಟ್ಟವ

ಸರಿ, ಎಲ್ಲರೂ ಒಬ್ಬೊಬ್ಬರ ಹೆಸರು ಕೊಡಿ. ಒಂದೇ ಹೆಸರು. ಜೊತೆಗೆ ನೀವು ಈ ಆಟ ನೋಡಲು ಶುರು ಮಾಡಿದ ವರ್ಷವನ್ನೂ ಬರೆಯಿರಿ. ನನ್ನದು ಮಹೋಮ್ಸ್, 2018. (ಮೇಡಂ ಬೈಯಬೇಡಿ.)

ಬೋಸ್ಟನ್ ಬಿಸಿಬೇಳೆ

ಬ್ರೇಡಿ. 2003. ಬೈಯಲ್ಲ, ಪಾಪ ಅನ್ನಿಸುತ್ತಿದೆ.

ಎಡಿಸನ್ ಕಾಫಿಪುಡಿ

ಪೇಟನ್ ಮ್ಯಾನಿಂಗ್. 1999. ಕುತ್ತಿಗೆಗೆ ನಾಲ್ಕು ಆಪರೇಷನ್ ಆದಮೇಲೆ ಬಂದು 2013ರಲ್ಲಿ 55 ಟಚ್‌ಡೌನ್ ಎಸೆದವನನ್ನು ಬಿಟ್ಟು ಇನ್ಯಾರನ್ನು ಹೇಳಲಿ? ಜೈಂಟ್ಸ್‌ನವನು ಅಣ್ಣನನ್ನು ಯಾಕೆ ಹೇಳುತ್ತಿದ್ದಾನೆ ಅಂತ ಕೇಳಬೇಡಿ. ನಮ್ಮ ಜೈಂಟ್ಸ್‌ಗೆ ಆಡಿದ ತಮ್ಮ ಈಲೈಗೆ ನನ್ನ ಪ್ರೀತಿ ಬೇರೆ ಇದೆ.

ಕಾನ್ಸಾಸ್ ಕೋಸಂಬರಿ

ಮಹೋಮ್ಸ್. 2019.

ತುಮಕೂರು ತಟ್ಟೆಇಡ್ಲಿ

ಮೂನ್. 1990. ಹ್ಯೂಸ್ಟನ್‌ನಲ್ಲಿ ಓದುತ್ತಿದ್ದೆ.

ಲೆಕ್ಕದ ಮೇಷ್ಟ್ರು

ಯೂನಿಟಸ್. ನಾನು ನೋಡಲು ಶುರು ಮಾಡಿದ್ದು 2005, ಅಂದರೆ ಅವನು ಬಿಟ್ಟು ಮೂವತ್ತು ವರ್ಷ ಆದಮೇಲೆ. ಆದರೂ ಅವನೇ. 1955ರಲ್ಲಿ ಪಿಟ್ಸ್‌ಬರ್ಗ್ ತಂಡ ಮನೆಗೆ ಕಳಿಸಿತು. ಪಂದ್ಯಕ್ಕೆ ಆರು ಡಾಲರ್‌ಗೆ ಗಲ್ಲಿ ತಂಡದಲ್ಲಿ ಆಡಿದ. ಮೂರೇ ವರ್ಷಕ್ಕೆ, 1958ರಲ್ಲಿ, ಯಾಂಕೀ ಸ್ಟೇಡಿಯಂನಲ್ಲಿ ಬಾಲ್ಟಿಮೋರ್‌ಗೆ ಚಾಂಪಿಯನ್‌ಶಿಪ್ ಗೆದ್ದುಕೊಟ್ಟ, ಓವರ್‌ಟೈಮ್‌ನಲ್ಲಿ 23–17. ಸತತ 47 ಪಂದ್ಯದಲ್ಲಿ ಟಚ್‌ಡೌನ್ ಪಾಸ್ ಎಸೆದ ದಾಖಲೆ 2012ರವರೆಗೆ ಯಾರೂ ಮುರಿಯಲಿಲ್ಲ. ಹೌದು, ಕಥೆ ಕೇಳಿಯೇ ನಾನೂ ಬಿದ್ದಿದ್ದು. ಪತ್ರಕರ್ತರನ್ನು ಬೈದಿದ್ದು ವಾಪಸ್.

ಸನಿವೇಲ್ ಶಾನುಭೋಗ

ಮೊಂಟಾನಾ. 1982. ಇದನ್ನು ಬರೆಯಬೇಕಾಗೇ ಇರಲಿಲ್ಲ.

ಇವತ್ತು ಮೊಮ್ಮಗನನ್ನು ಕೇಳಿದೆ, ಎಲ್ಲರಿಗಿಂತ ದೊಡ್ಡ ಕ್ವಾರ್ಟರ್‌ಬ್ಯಾಕ್ ಯಾರೋ ಅಂತ. ಒಂಬತ್ತು ವರ್ಷ ಅವನಿಗೆ. ಮಹೋಮ್ಸ್ ಅಂದ. ಮೊಂಟಾನಾ ಗೊತ್ತಾ ಅಂದೆ. 'ಅದು ರಾಜ್ಯ ಅಲ್ವಾ ತಾತಾ?' ಅಂದ.

ಬೋಸ್ಟನ್ ಬಿಸಿಬೇಳೆ

ಅಯ್ಯೋ ಶಾನುಭೋಗರೇ! ಆ 92 ಯಾರ್ಡ್ ಡ್ರೈವ್ ಹಾಕಿ ತೋರಿಸಿ ಮಗುಗೆ.

ಸನಿವೇಲ್ ಶಾನುಭೋಗ

ಕೂರಿಸಿಕೊಂಡು ಪೂರ್ತಿ ತೋರಿಸಿದೆ. ಕೊನೆವರೆಗೂ ಸುಮ್ನೆ ನೋಡಿದ. ಆಮೇಲೆ ಕೇಳಿದ, 'ತಾತಾ, ವಿಡಿಯೋ ಯಾಕೆ ಇಷ್ಟು ಮಸುಕು?'